ಸಂತ ಫ್ರಾನ್ಸಿಸನ ಚರಿತ್ರೆಗಳು: ಸರಳತೆಯೂ ಸಂಸ್ಥೆಯೂ

ಮಹಾಪುರುಷರ ಚರಿತ್ರೆಗಳನ್ನು ಓದುವವರು ಸಾಮಾನ್ಯವಾಗಿ ಚರಿತ್ರೆಯ ನಾಯಕನನ್ನು ನೋಡುವರೇ ಹೊರತು ಚರಿತ್ರೆಯನ್ನು ಬರೆದವನನ್ನು ನೋಡುವುದಿಲ್ಲ. ಯಾರು ಬರೆದರು, ಯಾರ ಅಪ್ಪಣೆಯಿಂದ ಬರೆದರು, ಬರೆಯುವಾಗ ಯಾವುದನ್ನು ಬಿಟ್ಟರು ಎಂಬ ಪ್ರಶ್ನೆಗಳನ್ನು ಕೇಳದೆ ಸಂತಚರಿತ್ರೆಯನ್ನು ಓದಿದರೆ ಭಕ್ತಿ ಬೆಳೆದೀತು, ವಿಚಾರ ಬೆಳೆಯದು. ಕ್ರೈಸ್ತ ಧರ್ಮಸಭೆಯ ಇತಿಹಾಸದಲ್ಲಿ ಸರಳ ಜೀವನಕ್ಕೂ ಸಂಸ್ಥೆಯ ಕಟ್ಟುಪಾಡಿಗೂ ನಡೆದ ತಿಕ್ಕಾಟವನ್ನು ಅನೇಕರು ವಿವರಿಸಿದ್ದಾರೆ. ಮಂದಿರ, ಆಸ್ತಿ, ಅಧಿಕಾರಗಳು ಬೆಳೆದುವು, ಸರಳತೆ ಅಳಿಯಿತು ಎಂಬುದು ಅವರ ವಾದದ ಸಾರ. ಈ ವಾದ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಸೀಸಿಯ ಸಂತ ಫ್ರಾನ್ಸಿಸನ ಹಳೆಯ ಚರಿತ್ರೆಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಓದಿದರೆ, ಕಲ್ಲಿನ ಕಟ್ಟಡಕ್ಕಿಂತಲೂ ಮಾತಿನ ಕಟ್ಟಡವೇ ಸರಳತೆಯನ್ನು ಹೆಚ್ಚಾಗಿ ಮರೆಮಾಡಿತೆಂದು ತೋರುತ್ತದೆ. ಅದನ್ನು ಸಾಧಾರವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂತನ ಬಾಳಿನ ಹಂದರವನ್ನಷ್ಟು ನೆನೆಯೋಣ. ಫ್ರಾನ್ಸಿಸನು ಇಟಲಿಯ ಅಸೀಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಹುಟ್ಟಿದನು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಬಟ್ಟೆಯ ವ್ಯಾಪಾರಿ, ಹಣವುಳ್ಳವನು. ಮಗನು 1206ರ ಸುಮಾರಿಗೆ ಬಿಷಪ್ಪರ ಎದುರಿನಲ್ಲಿ ತೊಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ ಹೊರಟನು. ಪಾಳುಬಿದ್ದ ಸಣ್ಣ ಗುಡಿಗಳನ್ನು ಕೈಯಾರೆ ರಿಪೇರಿ ಮಾಡಿದನು. ಕುಷ್ಠರೋಗಿಗಳ ನಡುವೆ ಇದ್ದನು. ಜೊತೆಗೆ ಕೆಲವರು ಬಂದರು. 1209ರಲ್ಲಿ ಅವರು ರೋಮಿಗೆ ನಡೆದುಹೋಗಿ ಮೂರನೆಯ ಇನೊಸೆಂಟ್ ಪೋಪರಿಂದ ತಮ್ಮ ಬಾಳಿನ ರೀತಿಗೆ ಬಾಯಿಮಾತಿನ ಒಪ್ಪಿಗೆಯನ್ನು ಪಡೆದರು. ಅಂದು ಅವರು ಒಯ್ದಿದ್ದ ನಿಯಮವು ಸುವಾರ್ತೆಯ ಕೆಲವು ವಾಕ್ಯಗಳಿಂದ ಕೂಡಿದ ಪುಟ್ಟ ಬರಹ. ಅದು ಇಂದು ಉಳಿದಿಲ್ಲ. ತಮ್ಮನ್ನು ಅವರು ಕಿರಿಯ ಸೋದರರು ಎಂದು ಕರೆದುಕೊಂಡರು. ಮುಂದೆ ಸಂಘಕ್ಕೆ ಮುಖ್ಯಸ್ಥರು ಬೇಕಾದಾಗಲೂ ಒಡೆಯನೆಂಬ ಹೆಸರನ್ನು ಇಡದೆ ಸೇವಕನೆಂಬ ಅರ್ಥದ ಹೆಸರನ್ನೇ ಇಟ್ಟರು. ಈ ಹೆಸರುಗಳಲ್ಲಿಯೇ ಅವನ ಧರ್ಮದ ತಿರುಳಿದೆ.

ಹತ್ತು ವರ್ಷಗಳಲ್ಲಿ ಸೋದರರ ಸಂಖ್ಯೆ ಸಾವಿರಗಳಿಗೆ ಏರಿತು. ಒಂದು ಮಹಾಸಭೆಗೆ ಐದು ಸಾವಿರಕ್ಕೂ ಮಿಕ್ಕಿ ಸೋದರರು ಸೇರಿದ್ದರೆಂದು ಬೊನವೆಂತೂರನು ಬರೆದಿದ್ದಾನೆ. ಹನ್ನೆರಡು ಮಂದಿಯ ಬಾಳಿಗೆ ಸಾಕಾದ ಮಾತು ಸಾವಿರಾರು ಮಂದಿಗೆ ಸಾಲದು. ಊರೂರಿಗೆ ಹೋದವರಿಗೆ ಇಳಿದುಕೊಳ್ಳುವುದೆಲ್ಲಿ? ಕಾಯಿಲೆಯವರನ್ನು ನೋಡುವರು ಯಾರು? ಕಲಿತವರು ಪುಸ್ತಕವನ್ನು ಇಟ್ಟುಕೊಳ್ಳಬಹುದೆ? ಫ್ರಾನ್ಸಿಸನು 1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್-ಕಾಮಿಲನನ್ನು ಕಂಡು ಮಾತನಾಡಿ ಹಿಂತಿರುಗುವಷ್ಟರಲ್ಲಿ ಸಂಘದಲ್ಲಿ ಗೊಂದಲ ಹುಟ್ಟಿತ್ತು. 1220ರಲ್ಲಿ ಅವನು ಮುಖ್ಯಸ್ಥಾನವನ್ನು ಬಿಟ್ಟುಕೊಟ್ಟನು. 1221ರಲ್ಲಿ ಉದ್ದವಾದ ನಿಯಮವೊಂದು ಸಿದ್ಧವಾಯಿತು. ಅದಕ್ಕೆ ಪೋಪರ ಮುದ್ರೆ ಬೀಳಲಿಲ್ಲ. 1223ರ ನವೆಂಬರ್ 29ರಂದು ಮೂರನೆಯ ಹೊನೊರಿಯುಸ್ ಪೋಪರು ಮುದ್ರೆಯೊತ್ತಿದ ನಿಯಮವು ಅದಕ್ಕಿಂತ ಬಹಳ ಚಿಕ್ಕದು, ಬಿಗಿಯಾದುದು, ಕಾನೂನಿನ ಭಾಷೆಗೆ ಹತ್ತಿರವಾದುದು. ಇದು ಸಂಸ್ಥೆಯ ಮೊದಲ ಕಲ್ಲು ಎನ್ನಬಹುದು. ಅದನ್ನು ಹೊರಗಿನವರು ಮಾತ್ರ ತಂದಿಟ್ಟರೆನ್ನುವಂತಿಲ್ಲ. ಸಂಘಕ್ಕೆ ಕಾರ್ಡಿನಲ್ ಒಬ್ಬರು ರಕ್ಷಕರಾಗಿರಬೇಕೆಂದು ಬೇಡಿದವನು ಫ್ರಾನ್ಸಿಸನೇ.

1226ರ ಅಕ್ಟೋಬರ್ 3ರಂದು ಅವನು ತೀರಿಕೊಂಡನು. ಸಾವಿಗೆ ಸ್ವಲ್ಪ ಮೊದಲು ಹೇಳಿ ಬರೆಯಿಸಿದ ಉಯಿಲೊಂದಿದೆ. ಆಸ್ತಿಯಿಲ್ಲದವನ ಉಯಿಲು ಇದು! ಇದರಲ್ಲಿ ಅವನು ಮೊದಲು ತನ್ನ ಹಳೆಯ ದಿನಗಳನ್ನು ನೆನೆಯುತ್ತಾನೆ. ತಾನು ಕೈಯಿಂದ ಕೆಲಸ ಮಾಡಿದುದನ್ನು ಹೇಳಿ ಸೋದರರೆಲ್ಲರೂ ಮರ್ಯಾದೆಯ ಕೆಲಸವೊಂದನ್ನು ಕಲಿತು ದುಡಿಯಬೇಕೆನ್ನುತ್ತಾನೆ. ಕೂಲಿ ಸಿಗದಿದ್ದಾಗ ಮಾತ್ರ ಬೇಡಬೇಕೆನ್ನುತ್ತಾನೆ. ರೋಮಿನ ಆಸ್ಥಾನದಿಂದ ರಕ್ಷಣೆಯ ಪತ್ರಗಳನ್ನು ಕೇಳಿ ತರಬಾರದೆನ್ನುತ್ತಾನೆ. ಕೊನೆಗೆ, ನಿಯಮಕ್ಕಾಗಲಿ ಈ ಮಾತುಗಳಿಗಾಗಲಿ ವ್ಯಾಖ್ಯಾನವನ್ನು ಸೇರಿಸದೆ, ಸರಳವಾಗಿ ಹೇಳಿದುದನ್ನು ಸರಳವಾಗಿಯೇ ತಿಳಿದುಕೊಂಡು ನಡೆಯಬೇಕೆಂದು ಕಟ್ಟಪ್ಪಣೆ ಮಾಡುತ್ತಾನೆ.

ನಾಲ್ಕೇ ವರ್ಷಗಳಲ್ಲಿ ವ್ಯಾಖ್ಯಾನವು ಬಂದಿತು. ಫ್ರಾನ್ಸಿಸನ ಗೆಳೆಯರೂ ಸಂಘದ ರಕ್ಷಕರೂ ಆಗಿದ್ದ ಕಾರ್ಡಿನಲ್ ಉಗೊಲಿನೊ ಅವರೇ ಆಗ ಒಂಬತ್ತನೆಯ ಗ್ರೆಗೊರಿ ಪೋಪರಾಗಿದ್ದರು. ಸಂಘದ ಪ್ರತಿನಿಧಿಗಳು ಹೋಗಿ ಕೇಳಲು, 1230ರ ಸೆಪ್ಟೆಂಬರ್ 28ರಂದು ಅವರು ಉತ್ತರವನ್ನು ಕೊಟ್ಟರು: ಉಯಿಲು ಸೋದರರನ್ನು ಕಾನೂನಿನಂತೆ ಕಟ್ಟಿಹಾಕದು. ಈ ತೀರ್ಪಿಗೆ ಕಾರಣವೂ ಇದೆ. ಮುಖ್ಯಸ್ಥಾನವನ್ನು ಬಿಟ್ಟವನು ತನ್ನ ತರುವಾಯ ಬರುವವರನ್ನು ಅವರ ಒಪ್ಪಿಗೆಯಿಲ್ಲದೆ ಕಟ್ಟಲಾರನು ಎಂಬುದು ನ್ಯಾಯವಾದ ಮಾತೇ. ಆದರೂ, ವ್ಯಾಖ್ಯಾನ ಬೇಡವೆಂದ ಬರಹವೇ ವ್ಯಾಖ್ಯಾನಕ್ಕೆ ಮೊದಲು ಗುರಿಯಾಯಿತೆಂಬುದನ್ನು ವಿಮರ್ಶಕನು ಮರೆಯಬಾರದು.

ಕಲ್ಲಿನ ಕಥೆಯು ಇದರ ಜೊತೆಜೊತೆಗೆ ನಡೆಯಿತು. 1228ರ ಜುಲೈ 16ರಂದು ಫ್ರಾನ್ಸಿಸನನ್ನು ಸಂತನೆಂದು ಸಾರಲಾಯಿತು. ಮರುದಿನವೇ ಪೋಪರು ಅಸೀಸಿಯಲ್ಲಿ ಬಸಿಲಿಕದ ಅಡಿಗಲ್ಲನ್ನು ಇಟ್ಟರು. ಸೋದರ ಎಲಿಯನ ಮೇಲ್ವಿಚಾರಣೆಯಲ್ಲಿ ಬೆಟ್ಟದ ಅಂಚಿನ ಮೇಲೆ ಆ ಮಹಾಮಂದಿರ ಎದ್ದಿತು. ಪಟ್ಟಣದ ಕೆಳಗಿನ ಬಯಲಿನಲ್ಲಿ ಸಂತನು ಸತ್ತ ಪೊರ್ಜಿಯುಂಕೊಲ ಎಂಬ ಪುಟ್ಟ ಗುಡಿ ಇದೆ. 1569ರಲ್ಲಿ ಆರಂಭಿಸಿ 1679ರ ತನಕ ಅದರ ಸುತ್ತಲೂ ಮೇಲೂ ಇನ್ನೊಂದು ದೊಡ್ಡ ಬಸಿಲಿಕವನ್ನು ಕಟ್ಟಿದರು. ಇಂದು ಹೋದವರು ದೊಡ್ಡ ಗುಡಿಯೊಳಗೆ ಸಣ್ಣ ಗುಡಿಯನ್ನು ಕಾಣುತ್ತಾರೆ. ಇದನ್ನು ಕಂಡು ನಗುವವರುಂಟು. ನಮಗೆ ಹಾಗೆ ತೋರುವುದಿಲ್ಲ. ದೊಡ್ಡದು ಸಣ್ಣದನ್ನು ಮುಚ್ಚಿತು, ನಿಜ. ಆದರೆ ಮಳೆಗಾಳಿಗಳಿಂದ ಕಾಪಾಡಿದುದೂ ಅದೇ. ಕಲ್ಲಿನ ಸಂಸ್ಥೆಯು ಪ್ರಾಮಾಣಿಕವಾದುದು. ತಾನು ದೊಡ್ಡದು, ಒಳಗಿರುವುದು ಚಿಕ್ಕದು ಎಂಬುದನ್ನು ಅದು ಬಚ್ಚಿಡುವುದಿಲ್ಲ. ಅಕ್ಷರದ ಸಂಸ್ಥೆಯಲ್ಲಿ ಈ ಪ್ರಾಮಾಣಿಕತೆಯನ್ನು ಕಾಣುವುದು ಕಷ್ಟ. ಆದುದರಿಂದ ಚರಿತ್ರೆಗಳ ಕಡೆಗೆ ತಿರುಗೋಣ.

ಮೊದಲನೆಯ ಚರಿತ್ರೆಯನ್ನು ಬರೆದವನು ಚೆಲಾನೊದ ಥಾಮಸ್. ಒಂಬತ್ತನೆಯ ಗ್ರೆಗೊರಿಯವರ ಅಪ್ಪಣೆಯಂತೆ 1228-29ರಲ್ಲಿ ಬರೆದನು. 1244ರಲ್ಲಿ ಸಂಘದ ಮಹಾಸಭೆಯು ಸಂತನ ವಿಷಯದಲ್ಲಿ ಯಾರಿಗೆ ಏನು ನೆನಪಿದೆಯೋ ಅದನ್ನು ಕಳುಹಿಸಬೇಕೆಂದು ಕೇಳಿತು. ಹಳೆಯ ಸಂಗಡಿಗರಾದ ಲಿಯೊ, ರುಫಿನೊ, ಆಂಜೆಲೊ ಎಂಬ ಮೂವರು 1246ರಲ್ಲಿ ಗ್ರೆಚ್ಚೊದಿಂದ ತಮ್ಮ ನೆನಪುಗಳನ್ನು ಬರೆದು ಕಳುಹಿಸಿದರು. ಅವುಗಳನ್ನೂ ಬಳಸಿಕೊಂಡು ಥಾಮಸನು ಎರಡನೆಯ ಚರಿತ್ರೆಯನ್ನು 1246-47ರಲ್ಲಿ ರಚಿಸಿದನು. ಮುಂದೆ 1257ರಲ್ಲಿ ಸಂಘದ ಮುಖ್ಯಸ್ಥನಾದ ಬೊನವೆಂತೂರನಿಗೆ 1260ರ ಮಹಾಸಭೆಯು ಹೊಸ ಚರಿತ್ರೆಯೊಂದನ್ನು ಬರೆಯಲು ಒಪ್ಪಿಸಿತು. ಅದು 1263ರಲ್ಲಿ ಸಂಘಕ್ಕೆ ಒಪ್ಪಿತವಾಯಿತು. ಬೊನವೆಂತೂರನು ಪ್ಯಾರಿಸ್ ವಿಶ್ವವಿದ್ಯಾಲಯದ ಮಹಾಪಂಡಿತ. ಗೊಂದಲವಾಗದಿರಲೆಂದು ತಾನು ಕಾಲಕ್ರಮವನ್ನು ಎಲ್ಲೆಡೆಯೂ ಅನುಸರಿಸದೆ ವಿಷಯಕ್ರಮವನ್ನು ಹಿಡಿದೆನೆಂದು ಅವನೇ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ.

ಈಗ ಒಂದೇ ಒಂದು ಪ್ರಸಂಗವನ್ನು ಈ ಬರಹಗಳಲ್ಲಿ ಹಿಂಬಾಲಿಸಿ ನೋಡೋಣ. ಅದು ಕುಷ್ಠರೋಗಿಯ ಪ್ರಸಂಗ. ಉಯಿಲಿನ ಆರಂಭದಲ್ಲಿಯೇ ಫ್ರಾನ್ಸಿಸನು ಅದನ್ನು ಹೇಳುತ್ತಾನೆ. ಮೊದಲು ಕುಷ್ಠರೋಗಿಗಳನ್ನು ನೋಡುವುದೇ ತನಗೆ ಕಹಿಯಾಗಿತ್ತು, ದೇವರು ತನ್ನನ್ನು ಅವರ ನಡುವೆ ಕರೆದೊಯ್ದನು, ತಾನು ಅವರಿಗೆ ಕರುಣೆ ತೋರಿದೆನು, ಕಹಿಯಾಗಿದ್ದುದು ಸಿಹಿಯಾಯಿತು. ಅವನು ಹೇಳುವುದಿಷ್ಟೆ. ಇಲ್ಲಿ ಬಹುವಚನವಿದೆ ಎಂಬುದನ್ನು ಗಮನಿಸಬೇಕು. ರೋಗಿಗಳು ಹಲವರು; ಕೆಲಸ ಹಲವು ದಿನಗಳದು; ಪವಾಡದ ಸುಳಿವಿಲ್ಲ. ಥಾಮಸನ ಮೊದಲನೆಯ ಚರಿತ್ರೆಯಲ್ಲಿ ಈ ಮಾತು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಫ್ರಾನ್ಸಿಸನು ರೋಗಿಗಳೊಡನೆ ಇದ್ದು ಅವರ ಹುಣ್ಣುಗಳನ್ನು ತೊಳೆದನೆಂದು ಥಾಮಸನು ಬರೆದು, ಉಯಿಲಿನ ಮಾತನ್ನೇ ಸಾಕ್ಷಿಯಾಗಿ ಎತ್ತಿಕೊಂಡು, ಆಮೇಲೆ ದಾರಿಯಲ್ಲಿ ಒಬ್ಬ ರೋಗಿಯನ್ನು ಎದುರುಗೊಂಡು ಮುತ್ತಿಟ್ಟ ಸಂಗತಿಯನ್ನು ಸೇರಿಸುತ್ತಾನೆ.

ಎರಡನೆಯ ಚರಿತ್ರೆಗೆ ಬಂದಾಗ ಕಥೆಯ ಬಣ್ಣ ಬದಲಾಗುತ್ತದೆ. ಫ್ರಾನ್ಸಿಸನು ಕುದುರೆಯಿಂದಿಳಿದು ರೋಗಿಗೆ ಹಣವನ್ನು ಕೊಟ್ಟು ಮುತ್ತಿಡುತ್ತಾನೆ. ಮತ್ತೆ ಕುದುರೆಯನ್ನೇರಿ ಸುತ್ತಲೂ ನೋಡಿದರೆ ಬಯಲು ಬಯಲಾಗಿಯೇ ಇದೆ, ರೋಗಿ ಮಾತ್ರ ಇಲ್ಲ! ಬೊನವೆಂತೂರನೂ ಇದನ್ನೇ ಸ್ವೀಕರಿಸಿದ್ದಾನೆ. ಬಂದವನು ಮನುಷ್ಯಮಾತ್ರನಲ್ಲವೆಂಬ ಸೂಚನೆ ಓದುವವರಿಗೆ ಸಿಕ್ಕುತ್ತದೆ. ಕಾವ್ಯದೃಷ್ಟಿಯಿಂದ ಇದು ಸೊಗಸಾದ ಕಲ್ಪನೆಯೇ ಸರಿ. ಆದರೆ ಇದರ ಫಲವೇನಾಯಿತು? ಮಾಯವಾಗುವ ರೋಗಿಯ ಹುಣ್ಣನ್ನು ಯಾರೂ ತೊಳೆಯಬೇಕಾಗಿಲ್ಲ. ಅವನಿಗೆ ನಾಳೆ ಅನ್ನವನ್ನು ಒಯ್ಯಬೇಕಾಗಿಲ್ಲ. ಹಲವು ದಿನಗಳ ಸೇವೆಯು ಒಂದು ಗಳಿಗೆಯ ದರ್ಶನವಾಗಿ ಕುಗ್ಗಿತು. ಬೊನವೆಂತೂರನಿಗೆ ಅನ್ಯಾಯವಾಗಬಾರದು: ಮುಂದಿನ ಅಧ್ಯಾಯದಲ್ಲಿ ಅವನು ರೋಗಿಗಳ ನಡುವಿನ ಸೇವೆಯನ್ನು ಹೇಳದೆ ಬಿಟ್ಟಿಲ್ಲ. ಆದರೆ ಬಾಳನ್ನು ತಿರುಗಿಸಿದುದು ಸೇವೆಯೆಂದು ಸಂತನು ಹೇಳಿದರೆ, ಅದು ದರ್ಶನವೆಂದು ಚರಿತ್ರೆ ಹೇಳತೊಡಗಿತು. ಆ ಚರಿತ್ರೆಯನ್ನೇ ಆಧಾರವಾಗಿಟ್ಟುಕೊಂಡು ಅಸೀಸಿಯ ಮೇಲಿನ ಮಂದಿರದ ಗೋಡೆಗಳ ಮೇಲೆ 28 ಚಿತ್ರಗಳನ್ನು ಬರೆದರು. ಅವು ಜೊತ್ತೊ ಎಂಬ ಚಿತ್ರಕಾರನ ಕೃತಿಗಳೆಂದು ಪ್ರಸಿದ್ಧಿಯಿದೆ. ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆ 28ರಲ್ಲಿ ಪೋಪರಿದ್ದಾರೆ, ಸುಲ್ತಾನನಿದ್ದಾನೆ, ಹಕ್ಕಿಗಳೂ ಇವೆ. ಕುಷ್ಠರೋಗಿಯ ಪ್ರಸಂಗಕ್ಕೆ ಒಂದು ಚಿತ್ರವೂ ಇಲ್ಲ. ಉಯಿಲಿನಲ್ಲಿ ಬಹುವಚನವಾಗಿದ್ದವರು ಚರಿತ್ರೆಯಲ್ಲಿ ಏಕವಚನವಾದರು. ಗೋಡೆಗೆ ಬರುವಷ್ಟರಲ್ಲಿ ಇಲ್ಲವಾದರು.

1266ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಮಹಾಸಭೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೊನವೆಂತೂರನ ಚರಿತ್ರೆಯೊಂದಿರಲಿ, ಹಿಂದಿನ ಚರಿತ್ರೆಗಳನ್ನೆಲ್ಲ ನಾಶಮಾಡಿರಿ, ಸಂಘದ ಹೊರಗೆ ಪ್ರತಿಗಳು ಸಿಕ್ಕಿದರೆ ಅವನ್ನೂ ತೆಗೆದುಹಾಕಲು ಯತ್ನಿಸಿರಿ ಎಂದು ಕಟ್ಟಳೆಯಾಯಿತು. ಈ ಕಟ್ಟಳೆಯನ್ನು ಮಾಡಿದವರು ಸಂತನ ವೈರಿಗಳಲ್ಲ, ಭಕ್ತರು ಎಂಬುದು ವಿಚಾರಣೀಯ. ಸಂಘದೊಳಗೆ ಬಡತನದ ವಿಷಯವಾಗಿ ಎರಡು ಪಕ್ಷಗಳಾಗಿದ್ದುವು. ಹಳೆಯ ಚರಿತ್ರೆಗಳು ಜಗಳಕ್ಕೆ ಆಯುಧಗಳಾಗುತ್ತಿದ್ದುವು. ಒಂದೇ ಸಂಘಕ್ಕೆ ಒಂದೇ ಚರಿತ್ರೆ ಇರಲಿ ಎಂಬುದು ಅವರ ಆಶಯ. ಸಂಸ್ಥೆಗೆ ಒಗ್ಗಟ್ಟು ಬೇಕು. ಒಗ್ಗಟ್ಟಿಗಾಗಿ ನೆನಪನ್ನು ಕತ್ತರಿಸಬಹುದೆ ಎಂಬುದೇ ಪ್ರಶ್ನೆ.

ಕತ್ತರಿಸಿದ ನೆನಪು ಎಂಥದೆಂದು ತಿಳಿಯಲು ಹಳೆಯ ಸಂಗಡಿಗರ ನೆನಪಿನಿಂದ ಬಂದವೆಂದು ಎಣಿಸುವ ಎರಡು ಕಥೆಗಳನ್ನು ನೋಡಬಹುದು. ಪೊರ್ಜಿಯುಂಕೊಲದಲ್ಲಿ ಮಹಾಸಭೆಗೆ ಬರುವವರಿಗಾಗಿ ಅಸೀಸಿಯ ಪುರಜನರು ಫ್ರಾನ್ಸಿಸನಿಲ್ಲದಾಗ ಸುಣ್ಣಗಾರೆಯ ಮನೆಯೊಂದನ್ನು ಕಟ್ಟಿಸಿದರು. ಹಿಂತಿರುಗಿದ ಫ್ರಾನ್ಸಿಸನು ಮಾಡನ್ನೇರಿ ಹೆಂಚುಗಳನ್ನು ಕಿತ್ತು ಎಸೆಯಲಾರಂಭಿಸಿದನು. ಮನೆ ಪುರಸಭೆಯದು, ಸೋದರರದಲ್ಲ ಎಂದು ಕಾವಲಿನ ಯೋಧರು ಹೇಳಿದ ಮೇಲೆ ಇಳಿದುಬಂದನು. ಇನ್ನೊಂದು ಕಥೆಯು ಅಧ್ಯಾಪಕರಾದ ನಮಗೆ ಹತ್ತಿರದ್ದು. ಹೊಸಬನಾದ ಸೋದರನೊಬ್ಬನು ತನಗೊಂದು ಕೀರ್ತನೆಗಳ ಪುಸ್ತಕ ಬೇಕೆಂದು ಮತ್ತೆ ಮತ್ತೆ ಕೇಳಿದನಂತೆ. ಇದು ಸಿಕ್ಕಿದ ಮೇಲೆ ನಿನಗೆ ಇನ್ನೂ ದೊಡ್ಡ ಪ್ರಾರ್ಥನಾಗ್ರಂಥ ಬೇಕೆನಿಸುವುದು, ಅದೂ ಸಿಕ್ಕಿದ ಮೇಲೆ ದೊಡ್ಡ ಗುರುಗಳಂತೆ ಪೀಠದ ಮೇಲೆ ಕುಳಿತು ಆ ಗ್ರಂಥವನ್ನು ತಂದುಕೊಡೆಂದು ಇನ್ನೊಬ್ಬ ಸೋದರನಿಗೆ ಅಪ್ಪಣೆ ಮಾಡುವೆ ಎಂಬರ್ಥದ ಮಾತನ್ನು ಫ್ರಾನ್ಸಿಸನು ಹೇಳಿದನಂತೆ. ವಿದ್ಯೆಯ ಮೇಲಣ ದ್ವೇಷವೆಂದು ಇದನ್ನು ತಿಳಿಯಬಾರದು. ಪಾದುವದ ಸಂತ ಅಂತೋನಿಗೆ, ಪ್ರಾರ್ಥನೆಯ ಚೈತನ್ಯವು ಆರದಿರುವುದಾದರೆ ಸೋದರರಿಗೆ ದೇವಶಾಸ್ತ್ರವನ್ನು ಕಲಿಸಬಹುದೆಂದು ಅವನು ಒಪ್ಪಿಗೆಯ ಪತ್ರವನ್ನು ಬರೆದಿದ್ದನು. ಅವನು ಹೆದರಿದುದು ಪುಸ್ತಕಕ್ಕಲ್ಲ; ಪುಸ್ತಕದಿಂದ ಹುಟ್ಟುವ ಪೀಠಕ್ಕೆ.

ಸಂಸ್ಥೆಯ ಪರವಾಗಿಯೂ ಹೇಳಬೇಕಾದುದಿದೆ. ಬೊನವೆಂತೂರನು ಮುಖ್ಯಸ್ಥನಾಗದಿದ್ದರೆ ಸಂಘವು ಅಂದೇ ಒಡೆಯುತ್ತಿತ್ತೋ ಏನೋ. ನಿಯಮವಿಲ್ಲದೆ, ಮಹಾಸಭೆಯಿಲ್ಲದೆ, ಲೆಕ್ಕಪತ್ರವಿಲ್ಲದೆ ದೂರ ದೂರ ಹರಡಿದ್ದ ಸೋದರರನ್ನು ಒಂದಾಗಿ ಇಡುವುದು ಯಾರಿಂದಲೂ ಆಗದು. ಸಂಗಡಿಗರ ನೆನಪುಗಳೂ ಬರಹಕ್ಕಿಳಿದುದು ಮಹಾಸಭೆಯೊಂದು ಕೇಳಿದ್ದರಿಂದಲೇ ಎಂಬುದನ್ನು ಮರೆಯುವಂತಿಲ್ಲ. ಉಯಿಲಿನ ಪ್ರತಿಗಳನ್ನು ಕಾಪಾಡಿದವರೂ ಸಂಘದವರೇ. ಸಂಸ್ಥೆಯಿಲ್ಲದ ಸರಳತೆಯು ಒಂದು ತಲೆಮಾರಿನ ಸುಗಂಧ. ಅದನ್ನು ಮುಂದಿನವರಿಗೆ ಒಯ್ಯಲು ಪಾತ್ರೆಯೊಂದು ಬೇಕೇ ಬೇಕು. ನಮ್ಮ ಆಕ್ಷೇಪವಿರುವುದು ಪಾತ್ರೆಯ ಮೇಲಲ್ಲ. ಪಾತ್ರೆಯನ್ನೇ ಸುಗಂಧವೆಂದು ತೋರಿಸುವ ಜಾಣತನದ ಮೇಲೆ.

ಬಡತನದ ಕಾನೂನಿನ ಕಥೆಯಲ್ಲಿ ಈ ಜಾಣತನವು ತುದಿ ಮುಟ್ಟಿತು. ಸೋದರರು ಏನನ್ನೂ ಹೊಂದಬಾರದೆಂದು ನಿಯಮ. ಮನೆಗಳೂ ಪುಸ್ತಕಗಳೂ ಕೂಡುತ್ತಿದ್ದುವು. ನಾಲ್ಕನೆಯ ಇನೊಸೆಂಟ್ ಪೋಪರು 1245ರಲ್ಲಿ ಅವುಗಳ ಒಡೆತನ ರೋಮಿನದೆಂದೂ, ಸೋದರರದು ಬಳಕೆ ಮಾತ್ರವೆಂದೂ ಏರ್ಪಡಿಸಿದರು. ಒಡೆತನವಿಲ್ಲದೆ ಎಲ್ಲವನ್ನೂ ಅನುಭವಿಸುವ ದಾರಿ ತೆರೆಯಿತು. ಕಟ್ಟುನಿಟ್ಟಿನ ಪಕ್ಷದವರು ಇದನ್ನು ಒಪ್ಪದೆ ಬಳಕೆಯಲ್ಲಿಯೂ ಬಡತನ ಬೇಕೆಂದರು. ಅವರಲ್ಲಿ ನಾಲ್ವರನ್ನು 1318ರಲ್ಲಿ ಮಾರ್ಸೇಲ್ಸಿನಲ್ಲಿ ಸುಟ್ಟರು. 1322ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪರು ಆ ಒಡೆತನದ ಏರ್ಪಾಡನ್ನೇ ತೆಗೆದುಹಾಕಿದರು. 1323ರಲ್ಲಿ, ಕ್ರಿಸ್ತನೂ ಅವನ ಪ್ರೇಷಿತರೂ ಏನನ್ನೂ ಹೊಂದಿರಲಿಲ್ಲವೆಂದು ಹಟಹಿಡಿಯುವುದು ಪಾಷಂಡಮತವೆಂದು ಸಾರಿದರು. ಉಡುಪನ್ನು ಕಳಚಿ ಹೊರಟವನ ಹೆಸರಿನಲ್ಲಿ ನೂರು ವರ್ಷಗಳೊಳಗೆ ನಡೆದ ವ್ಯಾಜ್ಯ ಇದು.

ಆದರೂ ಕಿಡಿ ಆರಲಿಲ್ಲ. ಸರಳತೆಗೆ ಹಿಂತಿರುಗಬೇಕೆಂಬವರು ಸಂಘದೊಳಗಿನಿಂದಲೇ ಮತ್ತೆ ಮತ್ತೆ ಎದ್ದರು. 1517ರಲ್ಲಿ ಹತ್ತನೆಯ ಲಿಯೊ ಪೋಪರು ಸಂಘವನ್ನು ಎರಡಾಗಿ ಬೇರ್ಪಡಿಸಿದರು. 1528ರಲ್ಲಿ ಇನ್ನೂ ಕಠಿಣವಾದ ಬಾಳನ್ನು ಬಯಸಿದ ಕಪುಚಿನರಿಗೆ ಒಪ್ಪಿಗೆ ದೊರೆಯಿತು. ಅದೇ 1517ರಲ್ಲಿ ಫ್ರಾನ್ಸಿಸ್ಕನ್ ಸೋದರರು ಗೋವೆಗೆ ಬಂದರು. ಗಡಿನಾಡಿನ ವಾಚಕರಲ್ಲಿ ಹಳೆಯ ಗೋವೆಯ ಸಂತ ಫ್ರಾನ್ಸಿಸನ ಇಗರ್ಜಿಯನ್ನು ಕಂಡವರು ಹಲವರಿರಬಹುದು. 1521ರಲ್ಲಿ ಚಿಕ್ಕದಾಗಿ ಎದ್ದಿದ್ದ ಗುಡಿಯ ಸ್ಥಳದಲ್ಲಿ ಈಗಿರುವ ಇಗರ್ಜಿಯನ್ನು 1661ರಲ್ಲಿ ಕಟ್ಟಿದರು. ಅದರ ಮುಖ್ಯಪೀಠವು ಬಂಗಾರದ ಲೇಪದಿಂದ ಹೊಳೆಯುತ್ತಿದೆ. ಶಿಲುಬೆಯ ಮೇಲಿನ ಕ್ರಿಸ್ತನೂ ಫ್ರಾನ್ಸಿಸನೂ ಅಲ್ಲಿದ್ದಾರೆ. ಕೆಳಗೆ ಬಡತನ, ವಿನಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಕೆತ್ತಿದ್ದಾರೆ. ಬಂಗಾರದ ನಡುವೆ ಬಡತನದ ಹೆಸರು! ಪೋರ್ಚುಗೀಸ್ ಸರಕಾರವು 1835ರಲ್ಲಿ ಮಠಸಂಘಗಳನ್ನು ಗೋವೆಯಿಂದ ತೆಗೆದುಹಾಕಿತು. ಸೋದರರು ವಾಸಿಸುತ್ತಿದ್ದ ಮಠದಲ್ಲಿ 1964ರಿಂದ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಸ್ಥಾವರ ಉಳಿದು ಜಂಗಮ ಹೊರಟುಹೋದ ದೃಶ್ಯವೆಂದು ಕನ್ನಡಿಗನಾದವನಿಗೆ ಅನಿಸದಿರದು. ಆದರೂ ಆ ಪೀಠದ ಕೆಳಗಿನ ಅಕ್ಷರಗಳು ಸುಳ್ಳಾಡುತ್ತಿಲ್ಲ. ತನ್ನನ್ನು ಕೆತ್ತಿದವರ ಮೇಲೆಯೇ ಸಾಕ್ಷಿ ಹೇಳುವ ಬರಹ ಅದು.

ನಾಶಮಾಡಬೇಕೆಂದ ಚರಿತ್ರೆಗಳ ಗತಿ ಏನಾಯಿತು? ಇತರ ಸಂಘಗಳ ಮಠಗಳಲ್ಲಿದ್ದ ಪ್ರತಿಗಳು ಉಳಿದುವು. ಥಾಮಸನ ಮೊದಲನೆಯ ಚರಿತ್ರೆ 1768ರಲ್ಲಿ ಅಚ್ಚಾಯಿತು. 1893ರಲ್ಲಿ ಫ್ರೆಂಚ್ ಪ್ರೊಟೆಸ್ಟೆಂಟ್ ಪಾದ್ರಿ ಪಾಲ್ ಸಬಾತಿಯೆ ಫ್ರಾನ್ಸಿಸನ ಚರಿತ್ರೆಯನ್ನು ಬರೆದು, ಸಂತನ ಆಶಯವನ್ನು ಧರ್ಮಸಭೆಯು ಪಳಗಿಸಿತೆಂದು ವಾದಿಸಿದನು. ಮರುವರ್ಷವೇ ರೋಮು ಆ ಗ್ರಂಥವನ್ನು ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿಸಿತು. ಸಬಾತಿಯೆಯ ವಾದದಲ್ಲಿ ಒಂದು ಕಡೆಗೆ ಎಳೆದುದು ಉಂಟು. ಪುರೋಹಿತರನ್ನು ಫ್ರಾನ್ಸಿಸನು ಎಷ್ಟು ಗೌರವಿಸುತ್ತಿದ್ದನೆಂಬುದಕ್ಕೆ ಉಯಿಲೇ ಸಾಕ್ಷಿ. ಆದರೆ ಹಳೆಯ ಓಲೆಗಳನ್ನು ಮತ್ತೆ ತೆಗೆಯುವಂತೆ ಮಾಡಿದ ಕೀರ್ತಿ ಅವನದು. ಶೋಧ ಇನ್ನೂ ಮುಗಿದಿಲ್ಲ. ಥಾಮಸನದೇ ಆದ ಇನ್ನೊಂದು ಸಂಕ್ಷಿಪ್ತ ಚರಿತ್ರೆಯನ್ನು ಝಾಕ್ ದಲಾರುಂ ಎಂಬ ವಿದ್ವಾಂಸರು ಅಂಗೈಯಗಲದ ಹಸ್ತಪ್ರತಿಯೊಂದರಲ್ಲಿ ಗುರುತಿಸಿ 2015ರಲ್ಲಿ ಪ್ರಕಟಪಡಿಸಿದರು. 2013ರಲ್ಲಿ ಪೋಪರೊಬ್ಬರು ಮೊಟ್ಟಮೊದಲಿಗೆ ಫ್ರಾನ್ಸಿಸ್ ಎಂಬ ಹೆಸರನ್ನು ತಳೆದರು. 2025ರಲ್ಲಿ ಅವರು ತೀರಿಕೊಂಡರು. ಆ ಹೆಸರು ಆ ಪೀಠವನ್ನು ಏರಲು ಎಂಟು ಶತಮಾನಗಳು ಬೇಕಾದುವು.

ನಮ್ಮ ಶಾಲೆಗಳಲ್ಲಿಯೂ ಫ್ರಾನ್ಸಿಸನ ಹೆಸರು ಕೇಳಿಬರುವುದುಂಟು. ಗುಬ್ಬಿಯೊ ಊರಿನ ತೋಳದ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ; ಅವನ ಹೆಸರಿನ ಶಾಂತಿಪ್ರಾರ್ಥನೆಯನ್ನು ಹೇಳಿಸುತ್ತೇವೆ. ತೋಳದ ಕಥೆ ಥಾಮಸನಲ್ಲಿಲ್ಲ, ಬೊನವೆಂತೂರನಲ್ಲಿಲ್ಲ. ಅದು ಹದಿನಾಲ್ಕನೆಯ ಶತಮಾನದ ಕಥಾಸಂಗ್ರಹದಿಂದ ಬಂದುದು. ಪ್ರಾರ್ಥನೆಯಂತೂ 1912ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದರಲ್ಲಿ ಕರ್ತೃವಿನ ಹೆಸರಿಲ್ಲದೆ ಮೊದಲು ಅಚ್ಚಾಯಿತು. ಅವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಇವನ್ನು ಕಲಿಸುವ ನಾವು ಹುಣ್ಣು ತೊಳೆದ ಕೈಯನ್ನೂ ಹೆಂಚು ಕಿತ್ತ ಕೈಯನ್ನೂ ಕುರಿತು ಹೇಳುತ್ತೇವೆಯೆ? ಮುದ್ದಾದ ಸಂತನನ್ನು ಉಳಿಸಿಕೊಂಡು ಕಷ್ಟದ ಸಂತನನ್ನು ಬಿಟ್ಟರೆ 1266ರ ಮಹಾಸಭೆಯ ಕೆಲಸವನ್ನು ನಾವೂ ಮುಂದುವರಿಸಿದಂತಾಯಿತು.

ಈ ವಿಚಾರ ಧರ್ಮಸಭೆಗೆ ಮಾತ್ರ ಸೇರಿದುದಲ್ಲ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಯಾರದೋ ಮನೆಯ ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸಿದ ದಿನಗಳನ್ನು ಕಂಡ ಶಾಲೆಗಳೂ ಉಂಟು. ಕಟ್ಟಡ ಎದ್ದ ಮೇಲೆ ಕಟ್ಟಡದ ಚರಿತ್ರೆ ಬರೆಯುವುದು ಸುಲಭ. ದಾನಿಗಳ ಭಾವಚಿತ್ರಗಳು ಸಿಕ್ಕುತ್ತವೆ, ಉದ್ಘಾಟನೆಯ ತಾರೀಖು ಸಿಕ್ಕುತ್ತದೆ. ಜಗಲಿಯ ಮೇಲೆ ಕಲಿಸಿದವರಿಗೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಕಟ್ಟಡ ಬೇಡವೆನ್ನುವವನು ಅವಿವೇಕಿ. ಮಳೆಗಾಲದಲ್ಲಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಲಾಗದು. ಆದರೆ ನೆನಪುಳ್ಳವರು ಬದುಕಿರುವಾಗಲೇ ಲಿಯೊ ಮೊದಲಾದವರಂತೆ ಕಂಡುದನ್ನು ಕಂಡಂತೆ, ಹೊಗಳಿಕೆಯನ್ನೂ ಪವಾಡವನ್ನೂ ಬೆರಸದೆ, ಬರೆದಿಡುವುದು ಸಂಶೋಧನಾಸಕ್ತಿಯುಳ್ಳ ಅಧ್ಯಾಪಕನ ಕರ್ತವ್ಯ. ಬರೆದುದು ಈಗಿನ ಸಮಿತಿಗೆ ಹಿಡಿಸದಿರಬಹುದು. ಒಂದು ಪ್ರತಿಯನ್ನು ನೆರೆಯ ಊರಿನ ಗ್ರಂಥಭಂಡಾರದಲ್ಲಿಯೂ ಇಟ್ಟಿರುವುದು ಲೇಸು. ಥಾಮಸನ ಮೊದಲ ಚರಿತ್ರೆ ಉಳಿದುದು ಹಾಗೆ.